ಸಾರಥಿಯ ಹೊಣೆ

ಕಳೆದ ಸುಗ್ಗಿಯ ಒಂದು ಭಾನುವಾರ. ಬೆಳಗಿನ ಆರೂವರೆ ಗಂಟೆ. ಇಬ್ಬನಿ ಇನ್ನೂ ಆರಿರಲಿಲ್ಲ. ನಾನು ಪಾಠ ಹೇಳುವ ಪ್ರೌಢಶಾಲೆಯ ಮುಂದಿನ ಬಯಲಿನಲ್ಲಿ ಅರುವತ್ತಕ್ಕೆ ಕಡಮೆಯಿಲ್ಲದಷ್ಟು ಸೈಕಲ್ಲುಗಳು ಸಾಲುಗಟ್ಟಿ ನಿಂತಿದ್ದುವು. ಗೇರು ಇರುವ ಹೊಸ ಸೈಕಲ್ಲುಗಳು ಕೆಲವು. 2006-07ರಿಂದ ಹಲವು ವರ್ಷ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚಿದ ಸೈಕಲ್ಲುಗಳು ಕೆಲವು. ಹಾಲಿನ ಕ್ಯಾನು ಸಿಕ್ಕಿಸುವ ಕೊಕ್ಕೆ ಇನ್ನೂ ನೇತಾಡುತ್ತಿದ್ದ ಹಳೆಯ ಗಟ್ಟಿ ಸೈಕಲ್ಲುಗಳು ಕೆಲವು. ಅವುಗಳ ಪಕ್ಕದಲ್ಲಿ ನಿಂತವರು ನನ್ನ ಹಳೆಯ ವಿದ್ಯಾರ್ಥಿಗಳು. ಒಬ್ಬ ವಕೀಲ, ಒಬ್ಬ ಬ್ಯಾಂಕಿನ ನೌಕರ, ಒಬ್ಬ ರೇಷ್ಮೆ ಬೆಳೆಗಾರ, ದಾದಿಯಾಗಿರುವ ಒಬ್ಬ ಹೆಣ್ಣುಮಗಳು. ಹೋಬಳಿ ಕೇಂದ್ರಕ್ಕೆ ಹೋಗಿ ಹಿಂದಿರುಗುವ ಇಪ್ಪತ್ತನಾಲ್ಕು ಕಿಲೋಮೀಟರಿನ ಸವಾರಿ ಅದು. ಒಬ್ಬೊಬ್ಬ ಸವಾರನೂ ತನ್ನ ನಂಟರಿಷ್ಟರಿಂದ, ಅಂಗಡಿಯವರಿಂದ, ತಾನು ತುಳಿಯುವ ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ಮಾತು ಪಡೆದು ಬಂದಿದ್ದ.

ಈ ಹಣ ಯಾರಿಗೆ ಎಂದು ಕೇಳುವಿರಾ? ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಆಸ್ಪತ್ರೆಯ ಖರ್ಚಿಗೆ. ವಿಶೇಷ ತರಗತಿ ಮುಗಿಸಿಕೊಂಡು ಮುಸ್ಸಂಜೆಯಲ್ಲಿ ಸೈಕಲ್ಲಿನ ಮೇಲೆ ಮನೆಗೆ ಹೊರಟವನಿಗೆ ಕೆರೆಯ ಏರಿಯ ತಿರುವಿನಲ್ಲಿ ಸ್ಕೂಟರೊಂದು ಬಂದು ಬಡಿಯಿತು. ತೊಡೆಯ ಮೂಳೆ ಮುರಿಯಿತು, ತಲೆಗೂ ಪೆಟ್ಟಾಯಿತು. ಆ ಸ್ಕೂಟರನ್ನು ಓಡಿಸುತ್ತಿದ್ದವನು ಯಾರು? ನಮ್ಮ ಶಾಲೆಯವನೇ, ಹತ್ತನೆಯ ತರಗತಿಯ ಹುಡುಗ. ಇಬ್ಬರೂ ನನ್ನ ಶಿಷ್ಯರು. ಇಬ್ಬರಿಗೂ ನಾನೇ ಹಳಗನ್ನಡದ ಛಂದಸ್ಸು ಹೇಳಿಕೊಟ್ಟವನು. ಈ ಕಥೆಯಲ್ಲಿ ಮೂರನೆಯ ಅಪರಾಧಿಯೊಬ್ಬನೂ ಉಂಟು. ಅವನ ವಿಷಯವನ್ನು ಕಡೆಯಲ್ಲಿ ಹೇಳುತ್ತೇನೆ.

“ಸಾರ್, ನೀವೇ ನಾಲ್ಕು ಮಾತು ಹೇಳಿ ನಮ್ಮನ್ನು ಹೊರಡಿಸಬೇಕು” ಎಂದರು ಆ ಮಕ್ಕಳು. ಮಕ್ಕಳೆಂದೆ, ನನಗೆ ಅವರು ಇನ್ನೂ ಮಕ್ಕಳೇ. ಶುಭವಾಗಲಿ ಎಂದೆ, ಎಡಗಡೆಯಲ್ಲೇ ಹೋಗಿ ಎಂದೆ, ಹಸುರು ಬಟ್ಟೆಯನ್ನು ಬೀಸಿದೆ. ಆಡಬೇಕಾಗಿದ್ದ ಮಾತು ಗಂಟಲಿನಲ್ಲೇ ನಿಂತಿತು. ಅದನ್ನು ಈಗ ತಮ್ಮ ಮುಂದೆ ಇಡುತ್ತಿದ್ದೇನೆ. ಇತಿಹಾಸದ ದಾರಿಯಿಂದಲೇ ಬರುತ್ತೇನೆ; ಪಂಡಿತನ ಚಾಳಿ, ಮನ್ನಿಸಬೇಕು.

ನಮ್ಮ ಹಿಂದಿನವರಿಗೆ ಸಾರಥಿಯ ಬೆಲೆ ಚೆನ್ನಾಗಿ ಗೊತ್ತಿತ್ತು. ಮಹಾಭಾರತದ ಯುದ್ಧವನ್ನು ಬಿಲ್ಲುಗಾರರ ಕಥೆಯೆಂದು ನಾವು ತಿಳಿಯುತ್ತೇವೆ. ಅದು ಸಾರಥಿಗಳ ಕಥೆಯೂ ಹೌದು. ಪಾರ್ಥನಿಗೆ ಕೃಷ್ಣ ಸಿಕ್ಕಿದ. ಕರ್ಣನಿಗೆ ಮನಸ್ಸಿಲ್ಲದ ಶಲ್ಯ ಸಿಕ್ಕಿದ. ಹೆದರಿ ಓಡಿದ ಉತ್ತರಕುಮಾರ, ಬೃಹನ್ನಳೆಯು ಬಿಲ್ಲು ಹಿಡಿದ ಮೇಲೆ, ತಾನೇ ಒಳ್ಳೆಯ ಸಾರಥಿಯಾಗಿ ಮಾನ ಉಳಿಸಿಕೊಂಡ. ಕರ್ಣನ ಗಾಲಿ ನೆಲದಲ್ಲಿ ಹೂತುದಕ್ಕೆ ಶಾಪ ಕಾರಣವೆಂದು ಕವಿಗಳು ಹೇಳುತ್ತಾರೆ. ನಮ್ಮ ಊರಿನ ರಸ್ತೆಯಲ್ಲಾದರೆ ಅದಕ್ಕೆ ಶಾಪ ಬೇಕಾಗಿರಲಿಲ್ಲ!

ಕಾವ್ಯದ ಮಾತು ಹಾಗಿರಲಿ, ಕಾನೂನಿನ ಮಾತು ನೋಡೋಣ. ಮನುಸ್ಮೃತಿಯಲ್ಲಿ ಇಂದಿನ ಕಾಲ ಒಪ್ಪದ, ಒಪ್ಪಬಾರದ ಸಂಗತಿಗಳು ಬಹಳ ಇವೆ. ಆದರೆ ಅದರ ಎಂಟನೆಯ ಅಧ್ಯಾಯದಲ್ಲಿ ಗಾಡಿಯ ಅಪಘಾತವನ್ನು ಕುರಿತ ಕೆಲವು ಶ್ಲೋಕಗಳಿವೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ದಾರಿ ಬಿಡಿ ಎಂದು ಗಾಡಿಯವನು ಕೂಗಿ ಎಚ್ಚರಿಸಿದ್ದರೆ, ಅವನಿಗೆ ದಂಡವಿಲ್ಲ. ಗಾಡಿ ಹೊಡೆಯುವವನ ಅಜಾಗ್ರತೆಯಿಂದ ಕೇಡಾದರೆ ಮಾತ್ರ ದಂಡ. ಯಾರಿಗೆ? ಇಲ್ಲಿದೆ ಸ್ವಾರಸ್ಯ. ಹೊಡೆಯುವವನು ನುರಿತವನಾಗಿದ್ದರೆ ದಂಡ ಅವನಿಗೆ. ನುರಿಯದವನಾಗಿದ್ದರೆ, ಅಂಥವನ ಕೈಗೆ ಹಗ್ಗ ಕೊಟ್ಟ ಒಡೆಯನಿಗೆ ಇನ್ನೂರು ಪಣ ದಂಡ. ಅಷ್ಟೇ ಅಲ್ಲ, ಅಂಥ ಗಾಡಿಯಲ್ಲಿ ಕುಳಿತು ಹೋಗುತ್ತಿದ್ದವರಿಗೆಲ್ಲ ತಲೆಗೆ ನೂರು ನೂರು ಪಣ ದಂಡ! ಸುಮ್ಮನೆ ಕುಳಿತವನಿಗೂ ಹೊಣೆ ಉಂಟು ಎಂಬ ಈ ಮಾತನ್ನು ದಯಮಾಡಿ ನೆನಪಿನಲ್ಲಿಡಿ.

ಎತ್ತಿನ ಗಾಡಿಯ ಕಾಲ ಕಳೆದು ಯಂತ್ರದ ಗಾಲಿ ಬಂದ ಬಗೆಯನ್ನು ಈಗ ನೋಡೋಣ. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಗಾಲಿಯ ಮರದ ಕುದುರೆಯೊಂದನ್ನು ಓಡಿಸಿದ. ಅದಕ್ಕೆ ಪೆಡಲು ಇರಲಿಲ್ಲ. ನೆಲವನ್ನು ಕಾಲಿನಿಂದ ಒದೆದು ಮುಂದೆ ಹೋಗಬೇಕು. ಮುಂದೆ ಪೆಡಲು ಬಂದಿತು. ವೇಗದ ಆಸೆಗೆ ಮುಂದಿನ ಗಾಲಿ ಬೆಳೆದು ಬೆಳೆದು ಆಳೆತ್ತರಕ್ಕೆ ಬಂದಿತು. ಸಣ್ಣ ಕಲ್ಲೊಂದು ಅಡ್ಡ ಬಂದರೂ ಸವಾರ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದ. ಈ ಅಪಾಯವನ್ನು ಕಂಡು, 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಹೆಚ್ಚುಕಡಮೆ ಒಂದೇ ಅಳತೆಯ ಎರಡು ತಗ್ಗು ಗಾಲಿಗಳನ್ನಿಟ್ಟು, ಹಿಂದಿನ ಗಾಲಿಗೆ ಸರಪಳಿ ಹಾಕಿ, ಇಂದು ನಾವು ಕಾಣುವ ರೂಪದ ಸೈಕಲ್ಲನ್ನು ಮಾರಾಟಕ್ಕೆ ತಂದ. ಈ ಬಗೆಯ ಗಾಡಿಗೆ ಜನ ಇಟ್ಟ ಹೆಸರು ‘ಸೇಫ್ಟಿ’. ಎಂದರೆ ಕ್ಷೇಮದ ಸೈಕಲ್ಲು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ ಮೇಲೆ ಸವಾರಿ ಸುಖವಾಯಿತು. ಬಿದ್ದವರನ್ನು ಹಳಿಯುವುದರ ಬದಲು ಬೀಳದಂತೆ ಗಾಡಿಯನ್ನೇ ತಿದ್ದಿದ ಬುದ್ಧಿಯನ್ನು ಗಮನಿಸಿ.

ಇನ್ನೊಂದು ಸಂಗತಿ ಬಹುಮಂದಿಗೆ ತಿಳಿದಿಲ್ಲ. ಒಳ್ಳೆಯ ರಸ್ತೆ ಬೇಕೆಂದು ಮೊದಲು ಕೂಗಿದವರಲ್ಲಿ ಮೋಟಾರಿನವರಿಗಿಂತ ಮುಂದಿದ್ದವರು ಸೈಕಲ್ಲಿನವರು. ಇಂಗ್ಲೆಂಡಿನಲ್ಲಿ 1878ರಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗಳ ಸಂಘ ಕಡಿದಾದ ಇಳಿಜಾರುಗಳ ನೆತ್ತಿಯಲ್ಲಿ ಎಚ್ಚರಿಕೆಯ ಹಲಗೆಗಳನ್ನು ನೆಡಿಸಿತು. ಅಮೆರಿಕದಲ್ಲಿ 1880ರಲ್ಲಿ ಸ್ಥಾಪಿತವಾದ ಸವಾರರ ಕೂಟ ಒಳ್ಳೆಯ ರಸ್ತೆಗಳಿಗಾಗಿ ದೊಡ್ಡ ಚಳವಳಿಯನ್ನೇ ನಡೆಸಿತು. ಸೈಕಲ್ಲಿನವನು ಕೇಳಿ ಮಾಡಿಸಿದ ದಾರಿಯಲ್ಲಿ ಮೋಟಾರು ಬಂದು ಅವನನ್ನೇ ಅಂಚಿಗೆ ತಳ್ಳಿತು. ಮಜ್ಜಿಗೆಗೆ ಬಂದವರು ಮನೆಗೇ ಒಡೆಯರಾದ ಹಾಗೆ!

ಮೋಟಾರಿನ ಮೇಲೆ ಮೊದಮೊದಲು ಕಾನೂನಿನ ಕಣ್ಣು ಬಹಳ ಬಿಗಿಯಾಗಿತ್ತು. ಬ್ರಿಟನ್ನಿನ 1865ರ ಶಾಸನದಂತೆ, ಯಂತ್ರದ ಗಾಡಿ ಊರೊಳಗೆ ಗಂಟೆಗೆ ಎರಡು ಮೈಲಿ, ಹೊರಗೆ ನಾಲ್ಕು ಮೈಲಿಗಿಂತ ವೇಗವಾಗಿ ಹೋಗಕೂಡದು. ಒಬ್ಬ ಮನುಷ್ಯ ಅರುವತ್ತು ಗಜ ಮುಂದೆ ಕೆಂಪು ಬಾವುಟ ಹಿಡಿದು ನಡೆಯಬೇಕು. ಇದು ನಗೆ ತರುವ ಮಾತು, ನಿಜ. 1896ರಲ್ಲಿ ಆ ಕಟ್ಟು ಸಡಿಲವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬಳಿ, ಮಗಳೊಡನೆ ನಡೆದು ಹೋಗುತ್ತಿದ್ದ ಗೃಹಿಣಿಯೊಬ್ಬಳು ಮೋಟಾರು ಕಾರಿಗೆ ಸಿಕ್ಕಿ ಸತ್ತಳು. ಆ ದೇಶದಲ್ಲಿ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆಯೇ. 1903ರಲ್ಲಿ ಗಂಟೆಗೆ 20 ಮೈಲಿಯ ಮಿತಿ ಬಂದಿತು. 1930ರ ಶಾಸನ ಕಾರುಗಳಿಗಿದ್ದ ಆ ಮಿತಿಯನ್ನೂ ತೆಗೆದುಹಾಕಿತು. ಸಭ್ಯ ಜನ, ಸಭ್ಯವಾಗಿ ಓಡಿಸುತ್ತಾರೆ ಎಂಬ ನಂಬಿಕೆ. ಫಲವೇನಾಯಿತು? 1934 ಒಂದೇ ವರ್ಷದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಮಂದಿ ಸತ್ತರು.

ಆಗ ಸರ್ಕಾರಕ್ಕೆ ಎಚ್ಚರವಾಯಿತು. 1935ರ ಮಾರ್ಚಿಯಲ್ಲಿ, ಮನೆಗಳು ಇರುವೆಡೆಯಲ್ಲಿ ಗಂಟೆಗೆ 30 ಮೈಲಿಯ, ಎಂದರೆ ಸುಮಾರು 48 ಕಿಲೋಮೀಟರಿನ ಮಿತಿ ಬಂದಿತು. ಅದೇ ಜೂನ್ 1ರಿಂದ ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾಯಿತು. ಈ ಎರಡು ಕಟ್ಟಳೆಗಳ ನಡುವೆ, ಮೇ 13ರಂದು, ಇಡೀ ಜಗತ್ತಿಗೆ ತಿಳಿದ ಒಂದು ಅಪಘಾತ ನಡೆಯಿತು.

‘ಅರೇಬಿಯದ ಲಾರೆನ್ಸ್’ ಎಂದು ಹೆಸರಾದ ಟಿ. ಇ. ಲಾರೆನ್ಸ್ ಮೊದಲ ಮಹಾಯುದ್ಧದ ಮರುಭೂಮಿಗಳಲ್ಲಿ ಗುಂಡುಗಳ ನಡುವೆ ಬದುಕಿ ಬಂದವನು. ಸೈನ್ಯದ ಕೆಲಸವನ್ನು ಬಿಟ್ಟು ಡಾರ್ಸೆಟ್ ಪ್ರಾಂತದ ಸಣ್ಣ ಮನೆಯೊಂದರಲ್ಲಿ ಆಗತಾನೆ ನೆಲಸಿದ್ದ. ಬ್ರೌ ಸುಪೀರಿಯರ್ ಎಂಬ ಭಾರಿ ಮೋಟಾರು ಸೈಕಲ್ಲೆಂದರೆ ಅವನಿಗೆ ಪ್ರಾಣ. ಆ ದಿನ ಹತ್ತಿರದ ಅಂಚೆಕಚೇರಿಗೆ ಹೋಗಿ ತಂತಿ ಕಳುಹಿಸಿ ಹಿಂದಿರುಗುತ್ತಿದ್ದ. ನೂರಾರು ಸಲ ಓಡಾಡಿದ ದಾರಿ, ದೂರವೂ ಹೆಚ್ಚಲ್ಲ. ರಸ್ತೆಯಲ್ಲಿ ಒಂದು ತಗ್ಗು. ಅದರಾಚೆ ಸೈಕಲ್ಲಿನ ಮೇಲೆ ಇಬ್ಬರು ಹುಡುಗರು. ಅವರನ್ನು ತಪ್ಪಿಸಲು ಪಕ್ಕಕ್ಕೆ ಎಳೆದ. ಒಬ್ಬನ ಸೈಕಲ್ಲಿಗೆ ತಗಲಿ ತಾನು ಮುಂದಕ್ಕೆ ಎಗರಿ ಬಿದ್ದ. ತಲೆಗೆ ಏನೂ ರಕ್ಷಣೆ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ಮೇ 19ರಂದು ತೀರಿಕೊಂಡ. ವಯಸ್ಸು 46. ಹುಡುಗರಿಬ್ಬರೂ ಉಳಿದರು.

ಲಾರೆನ್ಸನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬ. ಆಸ್ಟ್ರೇಲಿಯದಲ್ಲಿ ಹುಟ್ಟಿ, ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಪಡೆದವನು. ರೋಗಿಯನ್ನು ಅವನು ಉಳಿಸಲಾರದೆ ಹೋದ. ಆದರೆ ಆ ಸಾವನ್ನು ಮರೆಯಲಿಲ್ಲ. ಯುದ್ಧಕಾಲದಲ್ಲಿ ಸೈನ್ಯದ ಓಲೆಕಾರರು ಮೋಟಾರು ಸೈಕಲ್ಲುಗಳಲ್ಲಿ, ಕತ್ತಲಲ್ಲಿ, ದೀಪ ಮುಚ್ಚಿದ ದಾರಿಗಳಲ್ಲಿ ಓಡಾಡಿ ಬಿದ್ದು ಸಾಯುವುದನ್ನು ಕಂಡು ಲೆಕ್ಕ ಹಾಕತೊಡಗಿದ. ಯುದ್ಧದ ಮೊದಲ 21 ತಿಂಗಳಲ್ಲಿ 2,279 ಮಂದಿ ಮೋಟಾರು ಸೈಕಲ್ ಸವಾರರು ಸತ್ತಿದ್ದರು. ಅದರ ಹಿಂದಿನ 21 ತಿಂಗಳಲ್ಲಿ ಸತ್ತವರು 1,884. ಸಾವುಗಳಿಗೆ ಹೆಚ್ಚಾಗಿ ತಲೆಯ ಪೆಟ್ಟೇ ಕಾರಣವೆಂದೂ, ಗಟ್ಟಿ ಶಿರಸ್ತ್ರಾಣ ಧರಿಸಿದವರ ಪೆಟ್ಟು ಹಗುರವೆಂದೂ 1941ರಲ್ಲಿ ಪ್ರಬಂಧ ಬರೆದ. ಅದೇ ನವೆಂಬರಿನಲ್ಲಿ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಅನಂತರ ಸಾವುಗಳು ಇಳಿದುದನ್ನು 1946ರ ಇನ್ನೊಂದು ಪ್ರಬಂಧದಲ್ಲಿ ತೋರಿಸಿಕೊಟ್ಟ. ಆದರೂ ಬ್ರಿಟನ್ನಿನ ಸಾಮಾನ್ಯ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 1973ರಲ್ಲಿ. ಕೇರ್ನ್ಸ್ ಸತ್ತು ಇಪ್ಪತ್ತೊಂದು ವರ್ಷವಾಗಿತ್ತು! ಒಳ್ಳೆಯ ಮಾತು ಕಿವಿಯಿಂದ ತಲೆಗೆ ಹೋಗುವುದಕ್ಕೆ ಇಷ್ಟು ಕಾಲ ಬೇಕೆ? ಬೇಕೆಂದೇ ಇತಿಹಾಸ ಹೇಳುತ್ತದೆ. ಆದರೆ ಹೋದ ಮೇಲೆ ಫಲವೂ ದೊರೆಯುತ್ತದೆ. 1934ರಲ್ಲಿ ಏಳು ಸಾವಿರ ದಾಟಿದ್ದ ಆ ದೇಶದ ರಸ್ತೆ ಸಾವುಗಳು, ವಾಹನಗಳು ಎಷ್ಟೋ ಪಾಲು ಹೆಚ್ಚಿದ್ದರೂ, 2022ರಲ್ಲಿ ಸುಮಾರು 1,700.

ನಮ್ಮ ದೇಶದ ಲೆಕ್ಕವನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. ಅದೇ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇವರಲ್ಲಿ ಇಬ್ಬಗಾಲಿಯ ಮೋಟಾರು ವಾಹನಗಳಲ್ಲಿದ್ದವರು 74,897. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಸುಮ್ಮನೆ ಕುಳಿತವರು!

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1914ರಲ್ಲಿ, 1939ರಲ್ಲಿ, 1988ರಲ್ಲಿ ಮೋಟಾರು ವಾಹನಗಳ ಶಾಸನಗಳಾದುವು. 1988ರ ಶಾಸನದ 129ನೆಯ ಕಲಮು ಓಡಿಸುವವನಿಗೂ ಹಿಂದೆ ಕುಳಿತವನಿಗೂ ಹೆಲ್ಮೆಟ್ ಬೇಕೆನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 199-ಎ ಕಲಮಿನ ಪ್ರಕಾರ, ವಯಸ್ಸಿಗೆ ಬಾರದ ಮಗು ಗಾಡಿ ಓಡಿಸಿ ಅಪರಾಧ ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಒಡೆಯರು. ಮೂರು ವರ್ಷದವರೆಗೆ ಸೆರೆ, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ನುರಿಯದವನ ಕೈಗೆ ಹಗ್ಗ ಕೊಟ್ಟ ಒಡೆಯನಿಗೆ ಇನ್ನೂರು ಪಣ ಎಂದ ಹಳೆಯ ಮಾತೇ ಹೊಸ ಉಡುಪಿನಲ್ಲಿ ಬಂದಂತಿಲ್ಲವೆ?

ಗಾಯಗೊಂಡವನನ್ನು ಎತ್ತಿದರೆ ಪೊಲೀಸು, ಸಾಕ್ಷಿ, ಕೋರ್ಟು ಎಂದು ಹೆದರಿ ದೂರ ನಿಲ್ಲುವ ಜನಕ್ಕೂ ಕಾನೂನು ಅಭಯ ಕೊಟ್ಟಿದೆ. 2016ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಪರೋಪಕಾರಿಗಳ ರಕ್ಷಣೆಯ ನಿಯಮಗಳಿಗೆ ಕಾನೂನಿನ ಬಲವನ್ನಿತ್ತಿತು. 2019ರ ತಿದ್ದುಪಡಿ ಅದನ್ನು ಶಾಸನದೊಳಕ್ಕೇ ತಂದಿತು. ಆಸ್ಪತ್ರೆಗೆ ಸೇರಿಸಿದವನು ತನ್ನ ಹೆಸರನ್ನು ಹೇಳಲೇಬೇಕೆಂದಿಲ್ಲ. ನಮ್ಮ ಹುಡುಗನನ್ನು ಆ ಸಂಜೆ ತನ್ನ ಆಟೋದಲ್ಲಿ ಮಲಗಿಸಿಕೊಂಡು ಓಡಿದವನಿಗೆ ಈ ಕಲಮು ತಿಳಿದಿರಲಿಲ್ಲ. ತಿಳಿಯದೆಯೂ ಓಡಿದ. ಅವನ ಪುಣ್ಯ ದೊಡ್ಡದು.

ಇನ್ನು ಧರ್ಮಾರ್ಥದ ಸವಾರಿಯ ಮಾತು. ಇದೇನು ಹೊಸ ಹುಚ್ಚು ಎಂದು ನಮ್ಮ ಊರಿನ ಹಿರಿಯರೊಬ್ಬರು ಗೊಣಗಿದರು. ಬೇರೆಡೆ ಇದು ಹೊಸದಲ್ಲ. ಲಂಡನ್ನಿನಿಂದ ಕಡಲತೀರದ ಬ್ರೈಟನ್ನಿಗೆ 54 ಮೈಲಿ ಸೈಕಲ್ ತುಳಿಯುವ ಸವಾರಿ 1976ರಲ್ಲಿ ಮೊದಲಾಯಿತು. ಮುಂದೆ ಅದು ಹೃದ್ರೋಗದ ಸಂಶೋಧನೆಗೆ ಹಣ ಕೂಡಿಸುವ ಸವಾರಿಯಾಯಿತು. ಅಮೆರಿಕದಲ್ಲಿ ಕ್ಯಾನ್ಸರಿನಿಂದ ತಾಯಿಯನ್ನು ಕಳೆದುಕೊಂಡ ಬಿಲ್ಲಿ ಸ್ಟಾರ್ ಎಂಬಾತ 1980ರಲ್ಲಿ 36 ಮಂದಿಯೊಡನೆ ಮ್ಯಾಸಚೂಸೆಟ್ಸ್ ಪ್ರಾಂತವನ್ನು ಸೈಕಲ್ಲಿನಲ್ಲಿ ದಾಟಿ ಹತ್ತು ಸಾವಿರ ಡಾಲರು ಕೂಡಿಸಿದ. ಆ ಸವಾರಿ ನಿಲ್ಲದೆ ನಡೆದು ಕ್ಯಾನ್ಸರ್ ಆಸ್ಪತ್ರೆಗೆ ಕೋಟಿ ಕೋಟಿ ಡಾಲರುಗಳನ್ನು ತಂದಿತು.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸವಾರಿ. 2003ರಲ್ಲಿ ಅಮೆರಿಕದ ಡಲ್ಲಸ್ ಬಳಿ ಸೈಕಲ್ ಸವಾರನೊಬ್ಬ, ಹಾದುಹೋದ ಬಸ್ಸಿನ ಕನ್ನಡಿ ತಗಲಿ ಸತ್ತ. ಅವನ ಗೆಳೆಯನೊಬ್ಬ ಜನರನ್ನು ಕರೆದ. ಕೆಲವೇ ದಿನಗಳ ಸುದ್ದಿಗೆ ಸುಮಾರು ಸಾವಿರ ಮಂದಿ ಬಂದರು. ಗಂಟೆಗೆ 12 ಮೈಲಿ ಮೀರದ ವೇಗದಲ್ಲಿ, ಹೆಲ್ಮೆಟ್ ಧರಿಸಿ, ಒಂದು ಮಾತೂ ಆಡದೆ ಸಾಲಾಗಿ ಹೋದರು. ಅದಕ್ಕೆ ಮೌನದ ಸವಾರಿ ಎಂದೇ ಹೆಸರು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಅನೇಕ ದೇಶಗಳಲ್ಲಿ ಅದು ನಡೆಯುತ್ತ ಬಂದಿದೆ. ಗಾಯಕ್ಕೆ ಹಣ ಕೂಡಿಸುವುದು ದೊಡ್ಡ ಕೆಲಸ, ನಿಜ. ಗಾಯವೇ ಆಗದಂತೆ ನೆನಪಿಸುವುದು ಅದಕ್ಕಿಂತ ದೊಡ್ಡದು.

ನಮ್ಮ ಸವಾರಿಯೂ ಕ್ಷೇಮವಾಗಿ ಮುಗಿಯಿತು. ಹೋಬಳಿಯ ರಸ್ತೆಯಲ್ಲಿ ಹುರುಳಿಯ ಒಕ್ಕಣೆ ಹಾಕಿದ್ದರು. ಸೊಪ್ಪೆಯ ಮೇಲೆ ಗಾಲಿ ಜಾರುತ್ತದೆಂದು ಎಲ್ಲರೂ ಇಳಿದು ತಳ್ಳಿಕೊಂಡು ಹೋದರಂತೆ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರೊಂದಕ್ಕೆ ನಮ್ಮ ರೇಷ್ಮೆ ಬೆಳೆಗಾರ ತನ್ನ ಸೈಕಲ್ಲಿನ ಕೆಂಪು ಬಿಲ್ಲೆಯನ್ನು ಬಿಚ್ಚಿ ಕಟ್ಟಿಕೊಟ್ಟು ಬಂದ. ಕೂಡಿದ ಹಣದಿಂದ ಆಸ್ಪತ್ರೆಯ ಬಾಕಿಯಲ್ಲಿ ಮುಕ್ಕಾಲು ಪಾಲು ತೀರಿತು.

ಈಗ ಆ ಮೂರನೆಯ ಅಪರಾಧಿಯ ಮಾತು. ಅಪಘಾತಕ್ಕೆ ಎಂಟು ದಿನ ಮುಂಚೆ ನನಗೆ ಬಸ್ಸು ತಪ್ಪಿತ್ತು. ಅದೇ ಹತ್ತನೆಯ ತರಗತಿಯ ಹುಡುಗ ಅಪ್ಪನ ಸ್ಕೂಟರು ತಂದು ನಿಲ್ಲಿಸಿ, “ಬನ್ನಿ ಸಾರ್, ಬಿಡುತ್ತೇನೆ” ಎಂದ. ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು, ಬರಿತಲೆಯಲ್ಲಿ, ಹಿಂದೆ ಕುಳಿತೆ. ಮನೆಯ ಮುಂದೆ ಇಳಿದು, “ಭೇಷ್, ಚೆನ್ನಾಗಿ ಓಡಿಸುತ್ತೀಯೆ” ಎಂದು ಬೆನ್ನು ತಟ್ಟಿದೆ. ಗುರುವಿನ ಬಾಯಿಂದ ಬಂದ ಪರವಾನಗಿ ಅದು. ಅದಕ್ಕಿಂತ ದೊಡ್ಡ ಲೈಸೆನ್ಸು ಹದಿನೈದು ವರ್ಷದ ಹುಡುಗನಿಗೆ ಇನ್ನಾವುದಿದೆ? ಆ ಶ್ಲೋಕಗಳನ್ನು ನಾನು ಇಪ್ಪತ್ತನೆಯ ವಯಸ್ಸಿನಲ್ಲೇ ಓದಿದ್ದೆ. ನೂರು ಪಣದ ದಂಡ ನನಗೂ ಸಲ್ಲಬೇಕು. ಸವಾರಿಯ ದಿನ ಗಂಟಲಿನಲ್ಲಿ ನಿಂತ ಮಾತು ಇದೇ.

ಓದುಗರಲ್ಲಿ ತಂದೆತಾಯಿಗಳಿದ್ದೀರಿ, ಅಜ್ಜ ಅಜ್ಜಿಯರಿದ್ದೀರಿ. ತಮ್ಮಲ್ಲಿ ಮೂರು ಬಿನ್ನಹ. ಸ್ಕೂಟರಿನ ಬೀಗದ ಕೈಯನ್ನು ಮಕ್ಕಳಿಗೆ ಎಟುಕುವ ಮೊಳೆಗೆ ನೇತುಹಾಕಬೇಡಿ. ಹಿಂದೆ ಕುಳಿತು ಹೋಗುವಾಗಲೂ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ. ಇಲ್ಲೇ ಪಕ್ಕದ ಬೀದಿಗೆ ಎನ್ನಬೇಡಿ, ಲಾರೆನ್ಸನೂ ಅಂಚೆಕಚೇರಿಗೇ ಹೋಗಿದ್ದವನು. ತಿರುವಿನಲ್ಲಿ, ಶಾಲೆಯ ಮುಂದೆ, ಸಂತೆಯ ದಿನ, ವೇಗ ತಗ್ಗಿಸಿ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವವನು ಒಂದು ಸೆಕೆಂಡಿಗೆ ಹನ್ನೊಂದು ಮೀಟರು ದಾಟುತ್ತಾನೆ. ಕಣ್ಣು ಕಂಡು ಕೈ ಬ್ರೇಕು ಹಿಡಿಯುವುದಕ್ಕೇ ಆ ಒಂದು ಸೆಕೆಂಡು ಹೋಗುತ್ತದೆ. ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು.

ಗಾಯಗೊಂಡ ಹುಡುಗ ಈಗ ಊರುಗೋಲನ್ನು ಬಿಟ್ಟಿದ್ದಾನೆ. ಕಾಲು ಸ್ವಲ್ಪ ಎಳೆಯುತ್ತದೆ. ತರಗತಿಯಲ್ಲಿ ಹಿಂದೆ ಕುಳಿತ ಬೆಂಚಿನಲ್ಲೇ ಕುಳಿತಿರುತ್ತಾನೆ. ಇನ್ನೊಬ್ಬ ಪರೀಕ್ಷೆ ಮುಗಿಸಿ ಕಾಲೇಜು ಸೇರಿದ್ದಾನೆ. ಆಗಾಗ್ಗೆ ಸಂಜೆ ಶಾಲೆಯ ಗೇಟಿನ ಹತ್ತಿರ ಕಾಯುತ್ತಿರುತ್ತಾನೆ. ಮೊದಲನೆಯವನ ಪುಸ್ತಕದ ಚೀಲವನ್ನು ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಇಬ್ಬರೂ ನಡೆದುಕೊಂಡೇ ಹೋಗುತ್ತಾರೆ. ನಾನು ಬಸ್ಸಿಗೆ ಕಾಯುತ್ತ ನಿಂತು, ಅವರು ಕೆರೆಯ ಏರಿಯ ತಿರುವನ್ನು ದಾಟುವವರೆಗೆ ನೋಡುತ್ತಿರುತ್ತೇನೆ.